ಅಡಿಕೆ ಧಾರಣೆಯಿಂದ ಮಳೆ ಲೆಕ್ಕದವರೆಗೆ: ಕನ್ನಡ ಡೇಟಾ ಜೊತೆ ಕೆಲಸ ಮಾಡುವ ಪೈಥಾನ್ ಸ್ಕ್ರಿಪ್ಟ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗದಲ್ಲೋ ತೀರ್ಥಹಳ್ಳಿಯಲ್ಲೋ ಕೂತು ಕೋಡ್ ಬರೆಯುವವರ ಹತ್ತಿರ ಒಂದಲ್ಲ ಒಂದು ದಿನ ಈ ಬೇಡಿಕೆ ಬಂದೇ ಬರುತ್ತದೆ: "ದಿನದ ಅಡಿಕೆ ಧಾರಣೆ ತಾನಾಗೇ ಮೊಬೈಲಿಗೆ ಬರೋ ಹಾಗೆ ಮಾಡಿಕೊಡಿ ಮಾರಾಯ್ರೇ." ಕೇಳಿದಾಗ ಸಂಜೆಯೊಳಗೆ ಮುಗಿಯುವ ಕೆಲಸ ಅನ್ನಿಸುತ್ತದೆ. ಲಾಜಿಕ್ ನಿಜವಾಗಿಯೂ ಸಂಜೆಯೊಳಗೆ ಮುಗಿಯುತ್ತದೆ. ಆಮೇಲೆ ಒಂದೇ ಊರು ಪಟ್ಟಿಯಲ್ಲಿ ಎರಡು ಸಲ ಕಾಣಿಸಿಕೊಳ್ಳುತ್ತದೆ, ಹುಡುಕಿದರೆ ಆಗುಂಬೆ ಸಿಗುವುದಿಲ್ಲ, ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಏನೇನೋ ಗೀಚು. ಈ ಬರಹ ಆ "ಆಮೇಲೆ"ಯ ಬಗ್ಗೆ.

ಒಂದು ಸೂಚನೆ ಮೊದಲೇ. ಫಂಕ್ಷನ್, ಮಾಡ್ಯೂಲ್‌ಗಳ ಹೆಸರನ್ನು ಓದಲಿಕ್ಕೆ ಅನುಕೂಲವಾಗಲೆಂದು ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಎಂದಿನ ಇಂಗ್ಲಿಷ್ ಕಾಗುಣಿತವೇ ಇರಲಿ. ಯೂನಿಕೋಡ್ ಸಂಖ್ಯೆಗಳೆಲ್ಲ (ಪ್ರತಿ ಚಿಹ್ನೆಗೂ ಇರುವ ಗುರುತಿನ ಸಂಖ್ಯೆ) ದಶಮಾಂಶದಲ್ಲಿವೆ, ಪೈಥಾನ್‌ನ ಸಿಎಚ್‌ಆರ್ ಫಂಕ್ಷನ್ನಿಗೆ ಹಾಗೇ ಕೊಡಬಹುದು. ಪೂರ್ತಿ ಕನ್ನಡದಲ್ಲಿರುವ ಕೋಡ್ ಸಾಲುಗಳು ಮಾತ್ರ ಇದ್ದ ಹಾಗೇ ಓಡುತ್ತವೆ. ಪೈಥಾನ್ 3 ವೇರಿಯಬಲ್ ಹೆಸರುಗಳಲ್ಲಿ ಕನ್ನಡವನ್ನು ಒಪ್ಪುತ್ತದೆ:

ಮೊತ್ತ = ದರ * ತೂಕ / 100

ದರ ಕ್ವಿಂಟಲ್‌ಗೆ, ತೂಕ ಕಿಲೋದಲ್ಲಿ. ಇದು ಅಪ್ಪಟ ಪೈಥಾನ್. ಇದರಲ್ಲಿ 100 ಅನ್ನು ೧೦೦ ಎಂದು ಬರೆದರೆ ಮಾತ್ರ ಸಿಂಟ್ಯಾಕ್ಸ್ ಎರರ್ ಬರುತ್ತದೆ, ಕೋಡ್‌ನೊಳಗೆ ಕನ್ನಡ ಅಂಕಿಗೆ ಪ್ರವೇಶವಿಲ್ಲ. ತಂಡದಲ್ಲಿ ಕೆಲಸ ಮಾಡುವವರಿಗೆ ಕನ್ನಡ ವೇರಿಯಬಲ್ ಬಳಸಿ ಎಂದು ನಾನು ಹೇಳುವುದಿಲ್ಲ, ಕೀಬೋರ್ಡ್ ಬದಲಿಸುತ್ತಾ ಕೂರುವುದೇ ಒಂದು ಕೆಲಸವಾಗುತ್ತದೆ. ಶಾಲೆಯ ಮಕ್ಕಳಿಗೆ ಕಲಿಸುವಾಗ ಚೆನ್ನ.

ಹೆಜ್ಜೆ 1: ಫೈಲ್ ಯಾವ ಎನ್‌ಕೋಡಿಂಗ್‌ನಲ್ಲಿದೆ ನೋಡಿ

ವಿಂಡೋಸ್‌ನಲ್ಲಿ ಓಪನ್ ಫಂಕ್ಷನ್ನಿಗೆ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಪದ್ಧತಿ) ಹೇಳದೇ ಇದ್ದರೆ ಸಿಸ್ಟಮ್ಮಿನ ಹಳೇ (ಯೂನಿಕೋಡ್‌ಗೂ ಮುಂಚಿನ) ಕೋಡ್‌ಪೇಜ್ ಹಿಡಿಯುವ ಪೈಥಾನ್‌ಗಳೇ ಹೆಚ್ಚಿನ ಕಡೆ ಇವೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಯುಟಿಎಫ್-8. ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿದ್ದು ಸೊಸೈಟಿಯ ಕಂಪ್ಯೂಟರಿನಲ್ಲಿ ಓಡದಿರುವುದಕ್ಕೆ ಬಹುಪಾಲು ಇದೇ ಕಾರಣ. ಓದುವಾಗಲೂ ಬರೆಯುವಾಗಲೂ ಎನ್‌ಕೋಡಿಂಗ್ ಅನ್ನು ಬಾಯಿಬಿಟ್ಟು ಹೇಳಿ.

ಫೈಲ್ ಕೆಟ್ಟಿದೆಯೋ, ಕೆಟ್ಟಂತೆ ಕಾಣುತ್ತಿದೆಯೋ ಎನ್ನುವುದನ್ನು ಕಣ್ಣಿನಲ್ಲೇ ಗುರುತಿಸಬಹುದು. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಚಿಹ್ನೆಗೂ 3 ಬೈಟ್. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ವಿಂಡೋಸ್‌ನ ಪಾಶ್ಚಾತ್ಯ ಕೋಡ್‌ಪೇಜ್‌ನಲ್ಲಿ 224 ಅಂದರೆ ತಲೆ ಮೇಲೆ ಓರೆಗೀಟಿರುವ ಇಂಗ್ಲಿಷಿನ ಎ ಅಕ್ಷರ. 178, 179 ಅಂದರೆ ಗಣಿತದಲ್ಲಿ ವರ್ಗಕ್ಕೆ, ಘನಕ್ಕೆ ಹಾಕುವ ಪುಟ್ಟ 2 ಮತ್ತು 3. ಪರದೆ ತುಂಬ ಗೀಟಿನ ಎ, ಪುಟ್ಟ 2, ಮತ್ತೆ ಗೀಟಿನ ಎ ಸಾಲುಗಟ್ಟಿ ನಿಂತಿದ್ದರೆ ಹೆದರಬೇಡಿ. ಯುಟಿಎಫ್-8 ಫೈಲನ್ನು ತಪ್ಪು ಕನ್ನಡಕದಲ್ಲಿ ಓದಿದ್ದೀರಿ ಅಷ್ಟೆ, ಸರಿಯಾಗಿ ತೆರೆದರೆ ಎಲ್ಲ ವಾಪಸ್ ಬರುತ್ತದೆ. ಚೌಕ ಚೌಕ ಡಬ್ಬಿ ಕಂಡರೆ ಫಾಂಟ್ ಇಲ್ಲ, ಡೇಟಾ ಕ್ಷೇಮ. ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದರೆ ಕಥೆ ಮುಗಿಯಿತು: ಯಾರೋ ಆ ರೂಪದಲ್ಲೇ ಸೇವ್ ಮಾಡಿದ್ದಾರೆ, ಮೂಲ ಫೈಲನ್ನೇ ಕೇಳಿ ತರಿಸಿಕೊಳ್ಳಬೇಕು.

ಎಕ್ಸೆಲ್‌ನಲ್ಲಿ ತೆರೆಯುವವರಿಗೆ ಸಿಎಸ್‌ವಿ ಕೊಡುವಾಗ ಯುಟಿಎಫ್-8-ಸಿಗ್ ಎಂಬ ಎನ್‌ಕೋಡಿಂಗ್ ಬಳಸಿ. ಅದು ಫೈಲಿನ ತಲೆಗೆ 65279 ಎಂಬ ಕಾಣದ ಗುರುತು ಹಾಕುತ್ತದೆ, ಎಕ್ಸೆಲ್ ಅದನ್ನು ನೋಡಿ ಕನ್ನಡವನ್ನು ಸರಿಯಾಗಿ ತೋರಿಸುತ್ತದೆ. ಅದೇ ಫೈಲನ್ನು ಮತ್ತೆ ಸ್ಕ್ರಿಪ್ಟಿನಲ್ಲಿ ಓದುವಾಗಲೂ ಅದೇ ಎನ್‌ಕೋಡಿಂಗ್ ಹೇಳಿ. ಇಲ್ಲವಾದರೆ ಮೊದಲ ಕಾಲಂನ ಹೆಸರಿಗೆ ಆ ಗುರುತು ಅಂಟಿಕೊಂಡು, "ದಿನಾಂಕ" ಎಂಬ ಕಾಲಂ ಕಣ್ಣೆದುರೇ ಇದ್ದರೂ ಇಲ್ಲ ಎನ್ನುತ್ತದೆ.

ಇನ್ನು ಹಳೇ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು. ಅವುಗಳೊಳಗಿರುವುದು ಕನ್ನಡವೇ ಅಲ್ಲ, ಇಂಗ್ಲಿಷ್ ಚಿಹ್ನೆಗಳಿಗೆ ಕನ್ನಡದ ಅಕ್ಷರದ ತುಂಡುಗಳನ್ನು ತೊಡಿಸಿರುವುದು. ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಹಾಗಾಗಿ ಚಿಹ್ನೆಗೆ ಚಿಹ್ನೆ ಬದಲಿಸುವ ಪಟ್ಟಿ ಸಾಲದು. ಇದಕ್ಕೆಂದೇ ಇರುವ ಪರಿವರ್ತಕಗಳನ್ನು ಬಳಸಿ, ಸ್ವಂತ ಬರೆಯಲು ಹೋಗಬೇಡಿ.

ಹೆಜ್ಜೆ 2: ಬಾಗಿಲಲ್ಲೇ ತೊಳೆಯಿರಿ

ಈ ಇಡೀ ಬರಹದಲ್ಲಿ ಒಂದೇ ಒಂದು ಹೆಜ್ಜೆ ಪಾಲಿಸುತ್ತೇನೆ ಎಂದರೆ ಇದನ್ನೇ ಪಾಲಿಸಿ. ಹೊರಗಿನಿಂದ ಬಂದ ಕನ್ನಡ ಪಠ್ಯ ನಿಮ್ಮ ಪ್ರೋಗ್ರಾಮಿನೊಳಗೆ ಕಾಲಿಡುವ ಜಾಗ ಒಂದೇ ಇರಲಿ, ಅಲ್ಲೇ ಶುದ್ಧವಾಗಲಿ. ಹೋಲಿಸುವ ಕಡೆ, ಹುಡುಕುವ ಕಡೆ, ಮುದ್ರಿಸುವ ಕಡೆ ಎಂದು ಹತ್ತು ಜಾಗದಲ್ಲಿ ತೇಪೆ ಹಾಕಲು ಹೊರಟರೆ ಹನ್ನೊಂದನೆಯದು ಬಿಟ್ಟುಹೋಗುತ್ತದೆ.

ಊರು = ಶುದ್ಧಗೊಳಿಸು(ಬಂದ_ಹೆಸರು)

ಶುದ್ಧಗೊಳಿಸು ಎಂಬ ಈ ಫಂಕ್ಷನ್ ಒಳಗೆ ಏನಿರಬೇಕು?

ಮೊದಲು ನಾರ್ಮಲೈಸೇಶನ್. "ಮೊ" ಎಂಬುದರ ಒ-ಕಾರವನ್ನು ಎರಡು ರೀತಿ ಬರೆಯಬಹುದು: 3274 ಎಂಬ ಒಂದೇ ಚಿಹ್ನೆಯಾಗಿ, ಅಥವಾ ಎತ್ವ 3270 ಮತ್ತು ಊತ್ವ 3266 ಎಂಬ ಎರಡು ಚಿಹ್ನೆಗಳಾಗಿ. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಮೊದಲನೆಯ "ಶಿವಮೊಗ್ಗ"ದ ಉದ್ದ 8, ಎರಡನೆಯದರ ಉದ್ದ 9, ಎರಡೂ ಒಂದೇನಾ ಎಂದು ಪೈಥಾನ್ ಅನ್ನು ಕೇಳಿದರೆ ಅಲ್ಲ ಎನ್ನುತ್ತದೆ. ಈ, ಏ, ಐ, ಓ ಕಾರಗಳಿಗೂ ಇದೇ ಗತಿ, ದೀರ್ಘದ ಚಿಹ್ನೆ ಬೇರೆಯಾಗಿ ಬಂದು ಕೂತಿರಬಹುದು. ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್ನಿಗೆ ಎನ್‌ಎಫ್‌ಸಿ ಎಂದು ಹೇಳಿ ಪಠ್ಯ ಕೊಟ್ಟರೆ ಎಲ್ಲವೂ ಒಂದುಗೂಡಿದ ರೂಪಕ್ಕೆ ಬರುತ್ತವೆ. ಒಂದೇ ಸಾಲಿನ ಕೆಲಸ.

ಎರಡನೆಯದು ಕಾಣದ ಚಿಹ್ನೆಗಳು. "ಮಾರ್ಕೆಟ್‌ನಲ್ಲಿ" ಎಂದು ಸರಿಯಾಗಿ ಮೂಡಲು ಟ್ ಮತ್ತು ನ ನಡುವೆ 8204 ಎಂಬ ಜೋಡಿಸದಿರುವ ಚಿಹ್ನೆ ಬೇಕು, ಇಲ್ಲದಿದ್ದರೆ ಟಕಾರಕ್ಕೆ ನ ಒತ್ತಾಗುತ್ತದೆ. "ರ‍್ಯಾಲಿ" ಎಂಬಲ್ಲಿ 8205 ಎಂಬ ಜೋಡಿಸುವ ಚಿಹ್ನೆ ಬೇಕು, ಅದನ್ನೂ ಕೆಲವರು ಹಲಂತದ (ವ್ಯಂಜನದ ಸ್ವರ ತೆಗೆಯುವ ಚಿಹ್ನೆ) ಮುಂಚೆ, ಕೆಲವರು ಹಲಂತದ ನಂತರ ಹಾಕುತ್ತಾರೆ. ಆದ್ದರಿಂದ ಇವನ್ನು ಸಂಗ್ರಹದಿಂದ ಕಿತ್ತುಹಾಕಬೇಡಿ, ಓದುವವರಿಗೆ ಅನ್ಯಾಯವಾಗುತ್ತದೆ. ಹೋಲಿಕೆಗೆಂದು ಬೇರೆ ಒಂದು ಕೀಲಿ ಕಾಲಂ ಮಾಡಿ, ಅದರಲ್ಲಿ ಮಾತ್ರ ಎರಡನ್ನೂ ತೆಗೆದುಬಿಡಿ. ಬಳಕೆದಾರ ಹುಡುಕಲು ಟೈಪ್ ಮಾಡಿದ ಪದವನ್ನೂ ಅದೇ ಫಂಕ್ಷನ್ ಮೂಲಕ ಹಾಯಿಸಿ. ವೆಬ್ ಪುಟದಿಂದ ಬಂದ ಪಠ್ಯದಲ್ಲಿ 160 ಎಂಬ ಅಂಟು-ಸ್ಪೇಸ್ ಕೂಡ ಇರುತ್ತದೆ, ಅದನ್ನು ಮಾಮೂಲಿ ಸ್ಪೇಸಿಗೆ ಬದಲಿಸಿ.

ಮೂರನೆಯದು ನನಗೆ ಬಹಳ ಇಷ್ಟದ ಕಿಡಿಗೇಡಿ: ಸೊನ್ನೆ ಮತ್ತು ಅನುಸ್ವಾರ. "ಆಗುಂಬೆ" ಮತ್ತು "ಆಗು೦ಬೆ" ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿರುವುದು ಅನುಸ್ವಾರ, 3202. ಎರಡನೆಯದರಲ್ಲಿ ಕನ್ನಡದ ಸೊನ್ನೆ, 3302. ಬಹಳಷ್ಟು ಫಾಂಟುಗಳಲ್ಲಿ ಎರಡೂ ಒಂದೇ ಗುಂಡು. ಟೈಪ್ ಮಾಡುವವರು ಗುಂಡು ಮೂಡಿತಲ್ಲ ಎಂದು ಮುಂದೆ ಹೋಗುತ್ತಾರೆ, ಹಳೇ ಪರಿವರ್ತಕಗಳಿಂದ ಬಂದ ಕಡತಗಳಲ್ಲೂ ಇದು ಧಾರಾಳ. ಎನ್‌ಎಫ್‌ಸಿ ಇದನ್ನು ಮುಟ್ಟುವುದಿಲ್ಲ, ಅದರ ಲೆಕ್ಕದಲ್ಲಿ ಇವೆರಡಕ್ಕೂ ಸಂಬಂಧವೇ ಇಲ್ಲ. ಊರಿನ ಹೆಸರಿನ ಕಾಲಂನಲ್ಲಿ ಈ ರೆಗೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಹುಡುಕಿ:

([ಅ-ೌ])೦

ಸಿಕ್ಕಲ್ಲೆಲ್ಲ ಆವರಣದೊಳಗಿನ ಅಕ್ಷರವನ್ನು ಹಾಗೇ ಉಳಿಸಿ, ಸೊನ್ನೆಯ ಜಾಗಕ್ಕೆ ಅನುಸ್ವಾರ ಹಾಕಿ. ಅಕ್ಷರದ ಅಥವಾ ಗುಣಿತದ ಬೆನ್ನಿಗೇ ಬಂದ ಸೊನ್ನೆ ಮಾತ್ರ ಬದಲಾಗುತ್ತದೆ, "೧೦ನೇ ಮೈಲಿಗಲ್ಲು" ಸುರಕ್ಷಿತ. ಮಳೆಯ ಷರಾ ಕಾಲಂನಲ್ಲಿ ಯಾರಾದರೂ "ಮಳೆ೦" ಎಂದು ಸ್ಪೇಸ್ ಬಿಡದೆ ಬರೆದಿದ್ದರೆ ಅದೂ ಬದಲಾಗಿಬಿಡುತ್ತದೆ, ಹಾಗಾಗಿ ಹೆಸರಿನ ಕಾಲಂ ಬಿಟ್ಟು ಬೇರೆಡೆ ಓಡಿಸಬೇಡಿ. ಅಂಕಿಯ ಕಾಲಂನಲ್ಲಿ ಇದರ ಉಲ್ಟಾ: ಅಲ್ಲಿ ಸಿಕ್ಕ ಅನುಸ್ವಾರವೆಲ್ಲ ಸೊನ್ನೆಯೇ.

ಬಂದ ಮೂಲ ಪಠ್ಯವನ್ನು ಒಂದು ಕಾಲಂನಲ್ಲಿ ಇದ್ದ ಹಾಗೇ ಇಟ್ಟುಕೊಳ್ಳಿ. ತೊಳೆಯುವ ನಿಯಮ ಬದಲಾದ ದಿನ ಎಲ್ಲವನ್ನೂ ಮತ್ತೆ ತೊಳೆಯಬಹುದು.

ಹೆಜ್ಜೆ 3: ಅಂಕಿಗಳು

ಪೈಥಾನ್‌ನ ಇಂಟ್ ಫಂಕ್ಷನ್ "೫೨೪೦೦" ಎಂಬ ಕನ್ನಡ ಅಂಕಿಯನ್ನು ನೇರವಾಗಿ ಓದಿ 52400 ಕೊಡುತ್ತದೆ. ಏನೂ ಪರಿವರ್ತನೆ ಬೇಡ. ಇದು ಗೊತ್ತಿಲ್ಲದೆ ಹತ್ತು ಸಾಲಿನ ಬದಲಿ ಪಟ್ಟಿ ಬರೆದ ಕೋಡ್ ಎಲ್ಲೆಲ್ಲೂ ಸಿಗುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಈ ಸೌಕರ್ಯವಿಲ್ಲ, ನಂಬರ್ ಫಂಕ್ಷನ್ ಕನ್ನಡ ಅಂಕಿಗೆ ಎನ್‌ಎಎನ್ (ಸಂಖ್ಯೆಯಲ್ಲ) ಎನ್ನುತ್ತದೆ. ಅಲ್ಲಿ ಪ್ರತಿ ಅಂಕಿಯ ಕೋಡ್‌ನಿಂದ 3302 ಕಳೆದರೆ ಬೆಲೆ ಸಿಗುತ್ತದೆ.

"೫೨,೪೦೦" ಎಂದು ಅಲ್ಪವಿರಾಮ ಇದ್ದರೆ ಪೈಥಾನ್ ಕೂಡ ಮುಗ್ಗರಿಸುತ್ತದೆ. ಅಲ್ಪವಿರಾಮ, ರೂಪಾಯಿ ಚಿಹ್ನೆ, "ರೂ.", ಕೊನೆಯ ಓರೆಗೆರೆ-ಅಡ್ಡಗೆರೆ ತೆಗೆದು ಆಮೇಲೆ ಇಂಟ್‌ಗೆ ಕೊಡಿ. ಹಣವನ್ನು ಫ್ಲೋಟ್‌ನಲ್ಲಿ (ದಶಮಾಂಶವನ್ನು ಅಂದಾಜಾಗಿ ಇಡುವ ಬಗೆ) ಇಡಬೇಡಿ. ಪೈಸೆ ಲೆಕ್ಕದ ಪೂರ್ಣಾಂಕ ಅಥವಾ ಡೆಸಿಮಲ್ ಮಾಡ್ಯೂಲ್ ಬಳಸಿ.

ಧಾರಣೆಗೆ ಒಂದು ಕಾವಲು ಇರಲಿ. ಹಿಂದಿನ ದಿನದ ದರಕ್ಕೆ ಹೋಲಿಸಿ ಐದನೇ ಒಂದು ಪಾಲಿಗಿಂತ ಹೆಚ್ಚು ಏರುಪೇರು ಕಂಡರೆ ಪ್ರಕಟಿಸಬೇಡಿ, ಮನುಷ್ಯರೊಬ್ಬರು ನೋಡುವ ತನಕ ತಡೆಹಿಡಿಯಿರಿ. ಒಂದು ಸೊನ್ನೆ ಹೆಚ್ಚಾಗಿ ಹೋದ ಸಂದೇಶ ಊರೆಲ್ಲ ಸುತ್ತಿ ಬಂದ ಮೇಲೆ ತಿದ್ದುಪಡಿ ಯಾರೂ ಓದುವುದಿಲ್ಲ.

ಹೆಜ್ಜೆ 4: ಪದ ಹುಡುಕುವುದು, ಉದ್ದ ಅಳೆಯುವುದು

ಪೈಥಾನ್‌ನ ಆರ್‌ಇ ಮಾಡ್ಯೂಲಿನಲ್ಲಿ ಪದಕ್ಕೆಂದು ಬಳಸುವ ಬ್ಯಾಕ್‌ಸ್ಲಾಶ್ ಡಬ್ಲ್ಯೂ ಪ್ಲಸ್ ಕನ್ನಡಕ್ಕೆ ಉಪಯೋಗವಿಲ್ಲ. ಅದು ವ್ಯಂಜನ, ಸ್ವರಗಳನ್ನು ಅಕ್ಷರವೆಂದು ಒಪ್ಪುತ್ತದೆ, ಗುಣಿತದ ಚಿಹ್ನೆಯನ್ನೂ ಹಲಂತವನ್ನೂ ಒಪ್ಪುವುದಿಲ್ಲ. "ಅಡಿಕೆ" ಕೊಟ್ಟರೆ "ಅಡ", "ಕ" ಎಂದು ಎರಡು ತುಂಡು. "ತೀರ್ಥಹಳ್ಳಿ" ಕೊಟ್ಟರೆ "ತ", "ರ", "ಥಹಳ", "ಳ". ಪದಗಳ ಆವರ್ತನೆ ಎಣಿಸುವ ಸ್ಕ್ರಿಪ್ಟ್ ಬರೆದು ಫಲಿತಾಂಶದಲ್ಲಿ ಒಂಟಿ ವ್ಯಂಜನಗಳೇ ಮೇಲೆ ಬಂದಿದ್ದರೆ ಕಾರಣ ಇದು. ಬದಲಿಗೆ ಹೀಗೆ ಬರೆಯಿರಿ:

[ಂ-೯]+

ಅನುಸ್ವಾರದಿಂದ ಒಂಬತ್ತರವರೆಗೆ ಎಲ್ಲ ಕನ್ನಡ ಚಿಹ್ನೆಗಳೂ ಇದರಲ್ಲಿ ಬಂದವು. ಆವರಣದೊಳಗೆ 8204, 8205 ಕೂಡ ಸೇರಿಸಿ, ಇಲ್ಲವಾದರೆ "ಮಾರ್ಕೆಟ್‌ನಲ್ಲಿ" ಎರಡಾಗುತ್ತದೆ. ಪ್ರತ್ಯೇಕವಾಗಿ ಇನ್‌ಸ್ಟಾಲ್ ಮಾಡಬೇಕಾದ ರೆಗೆಕ್ಸ್ ಎಂಬ ಮಾಡ್ಯೂಲ್‌ನಲ್ಲಿ ಈ ತೊಂದರೆ ಇಲ್ಲ.

"ಶಿವಮೊಗ್ಗ"ದ ಉದ್ದ ಎಷ್ಟು? ಬೈಟ್ ಲೆಕ್ಕದಲ್ಲಿ 24, ಪೈಥಾನ್ ಲೆನ್ ಲೆಕ್ಕದಲ್ಲಿ 8, ಓದುವವರ ಲೆಕ್ಕದಲ್ಲಿ 4. ಮೂರೂ ಸರಿ, ಯಾವ ಕೆಲಸಕ್ಕೆ ಯಾವುದು ಎನ್ನುವುದು ಗೊತ್ತಿರಬೇಕು. ಪರದೆಯಲ್ಲಿ ಜಾಗ ಸಾಲದೆಂದು ಹೆಸರನ್ನು 7 ಚಿಹ್ನೆಗೆ ಕತ್ತರಿಸಿದರೆ "ಶಿವಮೊಗ್" ಉಳಿಯುತ್ತದೆ. ಕತ್ತರಿಸಲೇಬೇಕಿದ್ದರೆ ಕತ್ತರಿ ಬೀಳುವ ಜಾಗದಲ್ಲಿ ಹಲಂತವೋ ಗುಣಿತವೋ ಇದೆಯಾ ಎಂದು ನೋಡಿ, ಇದ್ದರೆ ಅಕ್ಷರದ ಆರಂಭಕ್ಕೆ ಹಿಂದೆ ಸರಿಯಿರಿ. ಶೆಲ್‌ನಲ್ಲಿ ಕೆಲಸ ಮಾಡುವವರು ಗ್ನೂದ ಟಿಆರ್ ಕಮಾಂಡಿನ ಮೇಲೆ ಕನ್ನಡ ಹಾಯಿಸಬೇಡಿ, ಅದು ಬೈಟ್ ಲೆಕ್ಕದಲ್ಲಿ ಕೊಚ್ಚಿಹಾಕುತ್ತದೆ. ಸೆಡ್ ಪರವಾಗಿಲ್ಲ, ಲೊಕೇಲ್ ಯುಟಿಎಫ್-8 ಆಗಿರಬೇಕು.

ಗಿಟ್ ಬಳಸುವವರಿಗೆ ಒಂದು ಚಿಕ್ಕ ಉಪಾಯ: ಫೈಲ್ ಹೆಸರು ಕನ್ನಡದಲ್ಲಿದ್ದರೆ ಗಿಟ್ ಸ್ಟೇಟಸ್ ಅದನ್ನು ಸಂಖ್ಯೆಗಳ ಸಾಲಾಗಿ ತೋರಿಸುತ್ತದೆ. ಕೋರ್ ಡಾಟ್ ಕೋಟ್‌ಪಾತ್ ಎಂಬ ಸೆಟ್ಟಿಂಗನ್ನು ಫಾಲ್ಸ್ ಮಾಡಿದರೆ ಹೆಸರು ಹೆಸರಾಗಿಯೇ ಕಾಣುತ್ತದೆ.

ಹೆಜ್ಜೆ 5: ಅಕಾರಾದಿ

ಪೈಥಾನ್‌ನ ಸಾರ್ಟೆಡ್ ಫಂಕ್ಷನ್ ಕನ್ನಡ ಪದಗಳನ್ನು ಹೆಚ್ಚುಕಡಿಮೆ ಸರಿಯಾಗಿಯೇ ಜೋಡಿಸುತ್ತದೆ, ಳ ಬರುವ ತನಕ. ನಮ್ಮ ವರ್ಣಮಾಲೆಯಲ್ಲಿ ಳ ಕಟ್ಟಕಡೆಗೆ, ಹ ಆದ ಮೇಲೆ. ಯೂನಿಕೋಡ್ ಪಟ್ಟಿಯಲ್ಲಿ ಅದು ಲ ಪಕ್ಕದಲ್ಲಿದೆ, ಸಂಖ್ಯೆ 3251. ಹಾಗಾಗಿ ಊರುಗಳನ್ನು ಜೋಡಿಸಿದಾಗ ಹೊಳೆಹೊನ್ನೂರು ಮೊದಲು, ಹೊಸನಗರ ಆಮೇಲೆ ಬರುತ್ತದೆ. ನಿಘಂಟಿನ ಪ್ರಕಾರ ಹೊಸನಗರ ಮೊದಲು ಬರಬೇಕು.

ಸರಿಯಾದ ದಾರಿ ಐಸಿಯು ಲೈಬ್ರರಿಯ ಕೊಲೇಟರ್, ಅಂದರೆ ಆಯಾ ಭಾಷೆಯ ಅಕಾರಾದಿ ತಿಳಿದು ಜೋಡಿಸುವ ಸಾಧನ. ಬ್ರೌಸರಿನಲ್ಲಾದರೆ ಇಂಟ್ಲ್ ಕೊಲೇಟರ್‌ಗೆ ಕನ್ನಡದ ಭಾಷಾ ಸಂಕೇತ ಕೊಟ್ಟರೆ ಸಾಕು. ಲೈಬ್ರರಿ ಹಾಕುವ ಪುರುಸೊತ್ತಿಲ್ಲದ ಚಿಕ್ಕ ಸ್ಕ್ರಿಪ್ಟಿಗೆ ಒಂದು ಅಡ್ಡದಾರಿ ಇದೆ. ಸಾರ್ಟ್ ಕೀಲಿಯಲ್ಲಿ ಳ ಇರುವಲ್ಲೆಲ್ಲ ಸಿಎಚ್‌ಆರ್ 3258 ಹಾಕಿ. ಹ 3257ರಲ್ಲಿದೆ, 3258 ಖಾಲಿ ಜಾಗ, ಗುಣಿತಗಳು 3262ರಿಂದ ಶುರು. ಳ ಸೀದಾ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಇದು ಜೋಡಣೆಯ ಕೀಲಿಗೆ ಮಾತ್ರ, ಡೇಟಾಬೇಸಿಗೆ ಬರೆಯಬೇಡಿ.

ಹೆಜ್ಜೆ 6: ಒಂದೇ ಊರು, ಹಲವು ಹೆಸರು

ಜಿಲ್ಲೆಯ ಹೆಸರು ಇಂಗ್ಲಿಷಿನಲ್ಲಿ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು, ಹಳೇ ಡೇಟಾದಲ್ಲಿ ಶಿಮೊಗ್ಗ ಇನ್ನೂ ಇದೆ. ಮಾತಿನಲ್ಲಿ ತೀರ್ಥಳ್ಳಿ, ಕಾಗದದಲ್ಲಿ ತೀರ್ಥಹಳ್ಳಿ. ಅಡಿಕೆಯ ಬಗೆಗಳೂ ಹಾಗೇ: ಶಿವಮೊಗ್ಗ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು, ಸಾಗರದ ಪಟ್ಟಿಯಲ್ಲಿ ರಾಶಿಯ ಜೊತೆ ಚಾಲಿ, ಕೋಕ, ಕೆಂಪುಗೋಟು, ಸಿಪ್ಪೆಗೋಟು. ಬಿಳಿಗೋಟನ್ನು ಒಬ್ಬರು ಬಿಳೆಗೋಟು ಎನ್ನುತ್ತಾರೆ. ಇದನ್ನು ಚುರುಕು ಅಲ್ಗಾರಿದಮ್‌ನಿಂದ ಬಗೆಹರಿಸಲು ಹೋಗದೆ ಪರ್ಯಾಯ ಹೆಸರುಗಳ ಒಂದು ಕೋಷ್ಟಕ ಮಾಡಿ, ಗೊತ್ತಿಲ್ಲದ ಹೆಸರು ಬಂದರೆ ಪಕ್ಕಕ್ಕಿಟ್ಟು ನಿಮ್ಮನ್ನು ಕೇಳುವ ಹಾಗೆ ಬರೆಯಿರಿ. ಹೊಸೂರು, ಹೊಸಹಳ್ಳಿಗಳಂಥ ಹೆಸರು ಒಂದಕ್ಕಿಂತ ಹೆಚ್ಚು ತಾಲ್ಲೂಕಿನಲ್ಲಿ ಬರುತ್ತವೆ, ಕೀಲಿಯಲ್ಲಿ ತಾಲ್ಲೂಕು ಸೇರಿರಲೇಬೇಕು.

ಹೆಜ್ಜೆ 7: ಕರೆಂಟ್ ಹೋಗುತ್ತದೆ ಎಂದುಕೊಂಡೇ ಬರೆಯಿರಿ

ಮಳೆಗಾಲದಲ್ಲಿ ಮಲೆನಾಡಿನಲ್ಲಿ ಸ್ಕ್ರಿಪ್ಟ್ ಓಡಿಸುವವರಿಗೆ ಲೈನ್ ಮೇಲೆ ಮರ ಬಿದ್ದಿದೆ ಎನ್ನುವುದು ಸುದ್ದಿಯಲ್ಲ. ಟವರಿಗೂ ಕರೆಂಟ್ ಬೇಕು, ಅದೂ ಸ್ವಲ್ಪ ಹೊತ್ತಿಗೆ ಕೈಕೊಡುತ್ತದೆ. ಸ್ಕ್ರಿಪ್ಟ್ ಯಾವ ಸಾಲಿನಲ್ಲಿ ಬೇಕಾದರೂ ಸಾಯಬಹುದು, ಮತ್ತೆ ಶುರು ಮಾಡಿದಾಗ ಏನೂ ಎಡವಟ್ಟಾಗಬಾರದು.

ಫೈಲನ್ನು ಅದರ ಮೇಲೇ ಬರೆಯಬೇಡಿ. ಅರ್ಧ ಬರೆದಾಗ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಹೆಸರಿನಲ್ಲಿ ಪೂರ್ತಿ ಬರೆದು, ಫ್ಲಶ್ ಮಾಡಿ, ಎಫ್‌ಸಿಂಕ್ ಕರೆದು (ಬರೆದದ್ದು ಡಿಸ್ಕಿಗೆ ಇಳಿಯಲಿ), ಆಮೇಲೆ ಓಎಸ್ ಮಾಡ್ಯೂಲಿನ ರಿಪ್ಲೇಸ್‌ನಿಂದ ಹೆಸರು ಬದಲಿಸಿ. ಒಂದೇ ಫೈಲ್‌ಸಿಸ್ಟಮ್‌ನೊಳಗೆ ಈ ಬದಲಾವಣೆ ಒಂದೇ ಏಟಿಗೆ ಆಗುತ್ತದೆ, ಓದುವವರಿಗೆ ಹಳೆಯದೋ ಹೊಸದೋ ಒಂದು ಪೂರ್ತಿಯಾಗಿ ಸಿಗುತ್ತದೆ. ತಾತ್ಕಾಲಿಕ ಫೈಲನ್ನು ಬೇರೆ ಪಾರ್ಟಿಶನ್‌ನಲ್ಲಿಟ್ಟರೆ ಈ ಭರವಸೆ ಇರುವುದಿಲ್ಲ.

ದಿನದ ದಾಖಲೆಗಳಿಗೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಧಾರಾಳ ಸಾಕು. ದಿನಾಂಕ, ಮಾರುಕಟ್ಟೆ, ಬಗೆ, ಈ ಮೂರನ್ನೂ ಸೇರಿಸಿ ಪ್ರೈಮರಿ ಕೀ ಮಾಡಿ, ಸೇರಿಸುವಾಗ ಅಪ್‌ಸರ್ಟ್ (ಸಾಲು ಇಲ್ಲದಿದ್ದರೆ ಸೇರಿಸು, ಇದ್ದರೆ ಬದಲಿಸು) ಬಳಸಿ. 2018ರಲ್ಲಿ ಬಂದ 3.24ನೇ ಆವೃತ್ತಿಯಿಂದ ಎಸ್‌ಕ್ಯೂಲೈಟ್‌ನಲ್ಲಿ ಅದಿದೆ. ಆಗ ಅದೇ ಸ್ಕ್ರಿಪ್ಟನ್ನು ಒಂದು ಸಲ ಓಡಿಸಿದರೂ ಅಷ್ಟೇ, ನಾಲ್ಕು ಸಲ ಓಡಿಸಿದರೂ ಅಷ್ಟೇ. "ಬೆಳಿಗ್ಗೆ ಓಡಿತ್ತಾ ಇಲ್ವಾ" ಎಂದು ಲಾಗ್ ಕೆದಕುವ ಬದಲು ಇನ್ನೊಮ್ಮೆ ಓಡಿಸಿ ಎದ್ದು ಹೋಗಬಹುದು.

ನೆಟ್‌ವರ್ಕ್ ವಿಷಯ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಗೆ ಟೈಮ್‌ಔಟ್ ತಾನಾಗಿ ಇರುವುದಿಲ್ಲ. ನೀವು ಹೇಳದಿದ್ದರೆ ಸತ್ತ ಸಂಪರ್ಕವನ್ನು ಹಿಡಿದುಕೊಂಡು ಕಾಯುತ್ತಲೇ ಇರುತ್ತದೆ. ಪ್ರತಿ ಕರೆಗೂ ಟೈಮ್‌ಔಟ್ ಕೊಡಿ. ವಿಫಲವಾದರೆ 2, 4, 8, 16 ಸೆಕೆಂಡ್ ಹೀಗೆ ಬಿಡುವು ಹೆಚ್ಚಿಸುತ್ತಾ ಮತ್ತೆ ಪ್ರಯತ್ನಿಸಿ, ಒಂದು ಮಿತಿ ಮುಟ್ಟಿದ ಮೇಲೆ ಸುಮ್ಮನಾಗಿ. ಬೇರೆಯವರ ಸರ್ವರ್‌ನಿಂದ ಡೇಟಾ ತರುವಾಗ ಅನುಮತಿ ಇದೆಯಾ ನೋಡಿಕೊಳ್ಳಿ, ಇದ್ದರೂ ದಿನಕ್ಕೊಮ್ಮೆ ಬದಲಾಗುವ ಪುಟವನ್ನು ನಿಮಿಷಕ್ಕೊಮ್ಮೆ ಬಡಿಯಬೇಡಿ.

ಹೇಳಿದ ಹೊತ್ತಿಗೆ ಸ್ಕ್ರಿಪ್ಟ್ ಓಡಿಸುವ ಕ್ರಾನ್‌ನಲ್ಲಿ ಒಂದು ಕೊರತೆ ಇದೆ: ಆ ಹೊತ್ತಿಗೆ ಕಂಪ್ಯೂಟರ್ ಆಫ್ ಆಗಿದ್ದರೆ ಆ ಸರದಿ ಹೋದಂತೆಯೇ. ಲಿನಕ್ಸ್‌ನ ಸಿಸ್ಟಮ್‌ಡಿ ಟೈಮರಿನಲ್ಲಿ ಪರ್ಸಿಸ್ಟೆಂಟ್ ಎಂಬುದನ್ನು ಟ್ರೂ ಮಾಡಿದರೆ ಕರೆಂಟ್ ಬಂದು ಯಂತ್ರ ಎದ್ದ ತಕ್ಷಣ ತಪ್ಪಿದ ಸರದಿ ಓಡುತ್ತದೆ. ಸ್ಕ್ರಿಪ್ಟ್ ನಿಧಾನವಾಗಿ ಹಿಂದಿನದು ಮುಗಿಯುವ ಮುಂಚೆ ಇನ್ನೊಂದು ಶುರುವಾಗದಂತೆ ಎಫ್‌ಲಾಕ್ ಎಂಬ ಬೀಗ ಹಾಕಿ. ಬ್ಯಾಕಪ್ಪನ್ನು ಬೇರೆಡೆಗೆ ಕಳಿಸುವಾಗ ಆರ್‌ಸಿಂಕ್‌ಗೆ ಪಾರ್ಶಿಯಲ್ ಆಯ್ಕೆ ಕೊಟ್ಟರೆ ಅರ್ಧಕ್ಕೆ ನಿಂತ ದೊಡ್ಡ ಫೈಲ್ ಮೊದಲಿನಿಂದ ಹೋಗಬೇಕಿಲ್ಲ.

ಹೆಜ್ಜೆ 8: ಮಳೆ ಯಾವ ದಿನದ್ದು?

ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8:30ಕ್ಕೆ ಶುರುವಾಗಿ ಮರುದಿನ 8:30ಕ್ಕೆ ಮುಗಿಯುತ್ತದೆ. ಜುಲೈ 10ರ ಲೆಕ್ಕ ಎಂದರೆ 9ರ ಬೆಳಿಗ್ಗೆಯಿಂದ 10ರ ಬೆಳಿಗ್ಗೆಯವರೆಗಿನ ಮಳೆ, ಅಂದರೆ ಅದರ ಬಹುಪಾಲು ಹೊತ್ತು 9ನೇ ತಾರೀಖಿನದು. ತೋಟದ ಮನೆಯ ಸ್ವಯಂಚಾಲಿತ ಮಾಪಕ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಎಣಿಸುತ್ತಿದ್ದರೆ ಎರಡನ್ನೂ ಒಂದೇ ದಿನಾಂಕದ ಕಾಲಂನಲ್ಲಿ ಹಾಕಿದ ಗ್ರಾಫ್ ಸುಳ್ಳು ಹೇಳುತ್ತದೆ. ದಿನಾಂಕದ ಬದಲು ಅವಧಿ ಮುಗಿದ ಹೊತ್ತನ್ನು ಗಂಟೆ ಸಮೇತ ಬರೆದಿಡಿ. ಕ್ಲೌಡ್ ಸರ್ವರ್ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಓಡುತ್ತಿದ್ದರೆ ನಮ್ಮ 8:30 ಅಲ್ಲಿ 3:00, ವೇಳಾಪಟ್ಟಿ ಬರೆಯುವಾಗ ನೆನಪಿರಲಿ.

ಖಾಲಿ ಬಿಟ್ಟ ಮನೆಯನ್ನು ಸೊನ್ನೆ ಮಾಡಬೇಡಿ. ಜುಲೈ ತಿಂಗಳಲ್ಲಿ ಆಗುಂಬೆಯ ಸಾಲು ಖಾಲಿ ಇದ್ದರೆ ಮಳೆ ಬರಲಿಲ್ಲ ಎಂದಲ್ಲ, ಬಹುಶಃ ವರದಿ ಕಳಿಸಲಾಗದಷ್ಟು ಬಂದಿದೆ.

ಹೆಜ್ಜೆ 9: ಸಂದೇಶ ಕಳಿಸುವುದು

ಸ್ಮಾರ್ಟ್‌ಫೋನ್ ಇಲ್ಲದವರಿಗೆ ಎಸ್‌ಎಂಎಸ್ಸೇ ಗತಿ. ಇಂಗ್ಲಿಷ್ ಸಂದೇಶಕ್ಕೆ 160 ಚಿಹ್ನೆ, ಕನ್ನಡ ಒಂದಕ್ಷರ ಸೇರಿದರೂ ಮಿತಿ 70ಕ್ಕೆ ಇಳಿಯುತ್ತದೆ. ಅದನ್ನು ದಾಟಿದರೆ ತಲಾ 67ರ ತುಂಡುಗಳು, ಪ್ರತಿ ತುಂಡಿಗೂ ದುಡ್ಡು. ಈ 70 ಎಣಿಕೆ ಪೈಥಾನ್‌ನ ಲೆನ್ ಲೆಕ್ಕದ್ದು: "ಶಿವಮೊಗ್ಗ" ಒಂದೇ 8 ತಿನ್ನುತ್ತದೆ, ಎನ್‌ಎಫ್‌ಸಿ ಮಾಡದಿದ್ದರೆ 9. ಹೆಸರುಗಳನ್ನು ಪೂರ್ತಿ ಬರೆದು ಸಾಲುಗಟ್ಟಲೆ ಕಳಿಸುವ ಬದಲು ಹೀಗೆ ಮಾಡಬಹುದು:

ಸಾಗರ 10/7 ರಾಶಿ 52400 ಬೆಟ್ಟೆ 54100 ಚಾಲಿ 38200

ಬೆಲೆಗಳು ಉದಾಹರಣೆಗೆ ಮಾತ್ರ. ಅಂಕಿಯನ್ನು ಕನ್ನಡದಲ್ಲಿ ಬರೆದರೂ ಇಂಗ್ಲಿಷಿನಲ್ಲಿ ಬರೆದರೂ ಎಣಿಕೆ ಒಂದೇ, ಗ್ರಾಹಕರಿಗೆ ಯಾವುದು ರೂಢಿಯೋ ಅದನ್ನೇ ಇಡಿ. ಸಗಟು ಎಸ್‌ಎಂಎಸ್‌ಗೆ ಟೆಂಪ್ಲೇಟನ್ನು ಮೊದಲೇ ನೋಂದಾಯಿಸಬೇಕು. ನೋಂದಾಯಿಸಿದ ಪಠ್ಯಕ್ಕೂ ನೀವು ಕಳಿಸುವ ಪಠ್ಯಕ್ಕೂ ನಡುವೆ ಒಂದು ಕಾಣದ 8204ರ ವ್ಯತ್ಯಾಸವಿದ್ದರೂ ಸಂದೇಶ ತಿರಸ್ಕೃತವಾಗಬಹುದು. ಹಾಗಾಗಿ ನೋಂದಣಿಗೆ ಕೊಡುವ ಪಠ್ಯವನ್ನು ಕೈಯಲ್ಲಿ ಟೈಪ್ ಮಾಡದೆ ಸ್ಕ್ರಿಪ್ಟಿನಿಂದಲೇ ನಕಲಿಸಿ ಅಂಟಿಸಿ.

ಪರೀಕ್ಷೆಗೆ ಒಂದು ಫೈಲ್

ಇಷ್ಟೆಲ್ಲ ಮಾಡಿದ ಮೇಲೆ ಒಂದು ಪುಟ್ಟ ಪರೀಕ್ಷಾ ಫೈಲ್ ಜೊತೆಗಿರಲಿ, ಕೋಡ್ ಬದಲಿಸಿದಾಗಲೆಲ್ಲ ಪೈಟೆಸ್ಟ್‌ನಿಂದ ಓಡಿಸಿ. ಅದರಲ್ಲಿ ಇವಿರಲಿ: ಒಡೆದ ಒ-ಕಾರದ ಶಿವಮೊಗ್ಗ, ಸೊನ್ನೆಯಿರುವ ಆಗು೦ಬೆ, ೧ಂ ಎಂದು ಅನುಸ್ವಾರ ಹೊಕ್ಕ ಹತ್ತು, ೫೨,೪೦೦ ಎಂಬ ಅಲ್ಪವಿರಾಮದ ದರ, 8205 ಎರಡು ಕ್ರಮದಲ್ಲಿರುವ ರ‍್ಯಾಲಿ, ಹಾಗೂ ಹೊಸನಗರ ಮೊದಲು ಬರಬೇಕಾದ ಹೊಳೆಹೊನ್ನೂರಿನ ಜೋಡಿ. ಒಡೆದ ರೂಪಗಳನ್ನು ಎಡಿಟರಿನಲ್ಲಿ ಟೈಪ್ ಮಾಡಬೇಡಿ, ಕೆಲವು ಎಡಿಟರ್‌ಗಳು ತಾವೇ ಸರಿಪಡಿಸಿಬಿಡಬಹುದು, ಪರೀಕ್ಷೆ ಸುಮ್ಮನೆ ಪಾಸಾಗುತ್ತದೆ. ಸಿಎಚ್‌ಆರ್ ಫಂಕ್ಷನ್ನಿಗೆ 3270, 3266 ಎಂದು ಸಂಖ್ಯೆಗಳನ್ನೇ ಕೊಟ್ಟು ಕಟ್ಟಿ.